ಎಸೆದವನಿಗೂ ಗೊತ್ತಿಲ್ಲದ ಚೆಂಡು

(ಜಯನಗರದಲ್ಲಿ ಕ್ರಿಕೆಟ್ ಕಲಿಯುತ್ತಿರುವ ಮಕ್ಕಳು ಹಾಗೂ ಅವರ ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಜಯನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಆಡಿದ ಎಲ್ಲರಿಗೂ ಒಂದು ಜಗಳ ಗೊತ್ತು. ರಬ್ಬರ್ ಚೆಂಡು ಕಿತ್ತುಹೋದ ಟಾರಿನ ಅಂಚಿಗೆ ಬಡಿದು, ಎತ್ತಲೋ ಹೋಗಬೇಕಾದದ್ದು ಮತ್ತೆಲ್ಲೋ ತಿರುಗಿ ಕಲ್ಲಿನ ವಿಕೆಟ್ಟಿಗೆ ತಾಗುತ್ತದೆ. ಔಟಾದವನು ‘ಇದು ಲೆಕ್ಕಕ್ಕಿಲ್ಲ’ ಎಂದು ಬ್ಯಾಟನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಾನೆ. ದೊಡ್ಡ ಮೈದಾನದಲ್ಲಿ ಹಾಗೆ ವಾದಿಸುವಂತಿಲ್ಲ. ಎಸೆದವನಿಗೇ ಗೊತ್ತಿಲ್ಲದ ತಿರುವನ್ನು ಆಡುವವನು ಎದುರಿಸುವುದು ಹೇಗೆ? ಈ ಪ್ರಶ್ನೆಯನ್ನು ಜಗತ್ತಿನ ಶ್ರೇಷ್ಠ ದಾಂಡಿಗರ ಮುಂದೆ ಇಟ್ಟವರು ಇದೇ ಊರಿನ ಬೀದಿಗಳಲ್ಲಿ ರಬ್ಬರ್ ಚೆಂಡಿನಿಂದ ಆಡಿ ಬೆಳೆದ ಬಿ.ಎಸ್. ಚಂದ್ರಶೇಖರ್.

ಅವರು 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಎಳವೆಯಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಕುಟುಂಬ ಬೆಂಗಳೂರಿಗೆ ಬಂದ ಮೇಲೆ ಸಿಟಿ ಕ್ರಿಕೆಟರ್ಸ್ ತಂಡ ಸೇರಿದರು. ತೊಗಲಿನ ಚೆಂಡಿನಲ್ಲಿ ಆಡುವ ಆಸೆಯೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಫೀಲ್ಡಿಂಗ್ ಮಾಡುವಾಗ ಅವರು ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಒಟ್ಟು 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು. ಬ್ಯಾಟಿನಿಂದ ಗಳಿಸಿದ ರನ್ನು 167 ಮಾತ್ರ!

ಸಾಮಾನ್ಯ ಲೆಗ್ ಸ್ಪಿನ್ನರ್ ಚೆಂಡನ್ನು ಗಾಳಿಯಲ್ಲಿ ತೇಲಿಸುತ್ತಾನೆ. ಅದು ನೆಲ ಮುಟ್ಟುವುದರೊಳಗೆ ದಾಂಡಿಗನಿಗೆ ಯೋಚಿಸಲು ಒಂದಿಷ್ಟು ಬಿಡುವು ಸಿಗುತ್ತದೆ. ಚಂದ್ರಶೇಖರ್ ಆ ಬಿಡುವನ್ನೇ ಕೊಡುತ್ತಿರಲಿಲ್ಲ. ಅವರದು ಉದ್ದನೆಯ ಓಟ, ಚಾಟಿಯಂತೆ ಬೀಸುವ ಕೈ, ಮಧ್ಯಮ ವೇಗದ ಬೌಲರನಿಗೆ ಸಮನಾದ ವೇಗ. ಲೆಗ್‌ಬ್ರೇಕಿಗಿಂತ ಗೂಗ್ಲಿಯೇ ಹೆಚ್ಚು. ನಡುವೆ ಥಟ್ಟನೆ ಮೇಲೇಳುವ ಚೆಂಡು, ಇನ್ನೂ ವೇಗವಾಗಿ ನೇರ ನುಗ್ಗುವ ಚೆಂಡು. ಯಾವುದು ಎಷ್ಟು ತಿರುಗುತ್ತದೆ ಎಂಬುದು ಎಷ್ಟೋ ಸಲ ಅವರಿಗೂ ತಿಳಿದಿರುತ್ತಿರಲಿಲ್ಲ ಎಂಬುದು ಕ್ರಿಕೆಟ್ ಲೋಕದ ಹಳೆಯ ಮಾತು.

ಅಮೆರಿಕದ ಬೇಸ್‌ಬಾಲಿನಲ್ಲಿ ಇದಕ್ಕೊಬ್ಬ ದಾಯಾದಿ ಇದ್ದಾನೆ. ಅದರ ಹೆಸರು ‘ನಕಲ್‌ಬಾಲ್’. ಚೆಂಡನ್ನು ಬೆರಳ ತುದಿಗಳಿಂದ, ಉಗುರು ಊರಿ ಹಿಡಿದು, ಆದಷ್ಟೂ ತಿರುಗದಂತೆ ತಳ್ಳುತ್ತಾರೆ. ಚೆಂಡು ತಿರುಗದಿದ್ದರೆ ಅದರ ಹೊಲಿಗೆಯ ಮೇಲೆ ಗಾಳಿ ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಹರಿಯುತ್ತದೆ. ಆಗ ಚೆಂಡು ಗಾಳಿಯಲ್ಲೇ ಅತ್ತಿತ್ತ ಓಲಾಡುತ್ತದೆ. ಎಸೆದವನೂ ಅದರ ದಾರಿಯನ್ನು ಹೇಳಲಾರ. ಹಿಂದೆ ಕುಳಿತು ಹಿಡಿಯುವವನು ದೊಡ್ಡ ಕೈಗವಸು ಹಾಕಿಕೊಳ್ಳುತ್ತಾನೆ. ಫಿಲ್ ನೀಕ್ರೋ ಎಂಬ ಆಟಗಾರ ಈ ಎಸೆತವನ್ನೇ ನಂಬಿ 318 ಪಂದ್ಯ ಗೆದ್ದ. ಚಂದ್ರಶೇಖರರ ಚೆಂಡು ಇದಕ್ಕೆ ತಿರುಗುಮುರುಗು. ಅದು ವೇಗದ್ದು, ಗಿರ್ರನೆ ಸುತ್ತುವಂಥದ್ದು, ನೆಲ ಮುಟ್ಟಿದ ಮೇಲೆ ಮೋಸ ಮಾಡುವಂಥದ್ದು. ಆದರೆ ದಾಂಡಿಗನ ಸಂಕಟ ಎರಡೂ ಕಡೆ ಒಂದೇ.

ನಕಲ್‌ಬಾಲಿಗೆ ಅಲ್ಲಿನ ಹಿರಿಯರು ಕಲಿಸುವ ಪಾಠ ಸರಳ. ತಗ್ಗಿನಲ್ಲಿ ಬಂದದ್ದನ್ನು ಬಿಡು, ಎತ್ತರದಲ್ಲಿ ಬಂದದ್ದನ್ನು ಹೊಡೆ. ಜೋರಾಗಿ ಬೀಸಬೇಡ, ಕೊನೆಯವರೆಗೆ ಕಾಯಿ. ಚೆಂಡು ಎತ್ತ ಹೋದೀತೆಂಬ ಊಹೆಗೆ ಅಲ್ಲಿ ಜಾಗವಿಲ್ಲ. ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ವಿವೇಕವೇ ಆಧಾರ.

ಈ ವಿವೇಕಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ತೋರಿಸಿದ್ದು 1971ರ ಓವಲ್ ಟೆಸ್ಟ್. ಇಂಗ್ಲೆಂಡಿನ ಎರಡನೇ ಸರದಿ. ಎಡಗೈ ದಾಂಡಿಗ ಜಾನ್ ಎಡ್ರಿಚ್ ಆಡುತ್ತಿದ್ದರು. ‘ಮಿಲ್ ರೀಫ್’ ಎಂದು ದಿಲೀಪ್ ಸರದೇಸಾಯಿ ಕೂಗಿದರಂತೆ. ಅದು ಆ ವರ್ಷ ಡರ್ಬಿ ಗೆದ್ದ ಕುದುರೆಯ ಹೆಸರು. ವೇಗದ ಚೆಂಡು ಹಾಕು ಎಂಬುದಕ್ಕೆ ಸಂಕೇತ. ಎಡ್ರಿಚ್ ಬ್ಯಾಟು ಇಳಿಸುವುದರೊಳಗೆ ವಿಕೆಟ್ ಉರುಳಿತ್ತು. ಅದರ ಬೆನ್ನಲ್ಲೇ ಕೀತ್ ಫ್ಲೆಚರ್ ಸೊನ್ನೆಗೆ ಔಟಾದರು. ಪಕ್ಕದಲ್ಲೇ ಬಗ್ಗಿ ನಿಂತಿದ್ದ ಏಕನಾಥ ಸೋಲ್ಕರ್ ಕ್ಯಾಚ್ ಹಿಡಿದರು. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತರು, ಇಂಗ್ಲೆಂಡ್ 101ಕ್ಕೆ ಕುಸಿಯಿತು. ಭಾರತ ಆ ನೆಲದಲ್ಲಿ ಮೊದಲ ಬಾರಿ ಟೆಸ್ಟ್ ಗೆದ್ದಿತು.

ಅದೇ ಫ್ಲೆಚರ್ 1972–73ರಲ್ಲಿ ಭಾರತಕ್ಕೆ ಬಂದರು. ಆ ಸರಣಿಯಲ್ಲಿ ಚಂದ್ರಶೇಖರ್ 35 ವಿಕೆಟ್ ಪಡೆದರು. ಹೀಗಿದ್ದೂ ಫ್ಲೆಚರ್ ಮದರಾಸಿನಲ್ಲಿ ಔಟಾಗದೆ 97, ಮುಂಬಯಿಯಲ್ಲಿ 113 ಗಳಿಸಿದರು. ಮುಂಬಯಿಯಲ್ಲಿ ಟೋನಿ ಗ್ರೇಗ್ 148 ಹೊಡೆದರು. ಇಬ್ಬರ ಜೊತೆಯಾಟ 254 ರನ್. ಓವಲಿನಲ್ಲಿ ಸೊನ್ನೆ ಪಡೆದವನು ಒಂದೂವರೆ ವರ್ಷದಲ್ಲಿ ಶತಕಕ್ಕೆ ಬಂದ. ಚೆಂಡು ಬದಲಾಗಿರಲಿಲ್ಲ.

ಇಂಥ ಬೌಲಿಂಗಿಗೆ ಉಪಾಯಗಳು ನಾಲ್ಕು. ಒಂದು, ಕೈಯ ಗುಟ್ಟು ಕಾಣದಿದ್ದರೆ ಚೆಂಡು ಒಳಗೇ ಬರುತ್ತದೆಂದು ಭಾವಿಸಿ, ಬ್ಯಾಟನ್ನೂ ಪ್ಯಾಡನ್ನೂ ಹತ್ತಿರವಿಟ್ಟು ನೇರವಾಗಿ ಆಡುವುದು. ಹೊರಕ್ಕೆ ತಿರುಗಿದರೆ ಬ್ಯಾಟಿನ ಅಂಚನ್ನು ದಾಟಿ ಹೋಗುತ್ತದೆ, ಹೋಗಲಿ. ದಾಟಿ ಹೋದ ಚೆಂಡಿಗೆ ನಾಚಿಕೊಂಡವರು ಮುಂದಿನ ಚೆಂಡಿಗೆ ಔಟಾಗುತ್ತಾರೆ. ಎರಡು, ಹಿಡಿತ ಸಡಿಲವಾಗಿರಬೇಕು. ಬಿಗಿಮುಷ್ಟಿಯಿಂದ ಆಡಿದ ಚೆಂಡು ಚಿಮ್ಮಿ ಸೋಲ್ಕರ್ ಕೈಸೇರುತ್ತಿತ್ತು. 27 ಟೆಸ್ಟುಗಳಲ್ಲಿ 53 ಕ್ಯಾಚ್ ಹಿಡಿದ ಮನುಷ್ಯ ಅವರು. ಮೂರು, ಇಂಥ ಬೌಲರ್ ಆಗಾಗ ಗಿಡ್ಡ ಚೆಂಡನ್ನೂ ಹಾಕುತ್ತಾನೆ. ಅದನ್ನು ಬಿಡದೆ ಹೊಡೆಯಬೇಕು. ನಾಲ್ಕು, ಒಂದೊಂದೇ ರನ್ ಓಡಿ ಆ ಕಡೆಗೆ ಹೋಗಿಬಿಡಬೇಕು. ಆರು ಚೆಂಡನ್ನೂ ಒಬ್ಬನೇ ಬಿಡಿಸಬೇಕೆಂಬ ಹಟ ಬೇಡ.

ಉಪಾಯ ಗೊತ್ತಿದ್ದ ಮಾತ್ರಕ್ಕೆ ಉಳಿವು ಖಚಿತವಲ್ಲ. 1974ರ ನವೆಂಬರ್‌ನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸಿನ ಇಬ್ಬರು ಯುವಕರಿಗೆ ಅದೇ ಮೊದಲ ಟೆಸ್ಟ್. ಗಾರ್ಡನ್ ಗ್ರೀನಿಜ್ 93 ಮತ್ತು 107 ಹೊಡೆದರು. ವಿವಿಯನ್ ರಿಚರ್ಡ್ಸ್ 4 ಮತ್ತು 3. ಎರಡೂ ಬಾರಿ ಚಂದ್ರಶೇಖರ್‌ಗೆ ಬಲಿ. ಮುಂದಿನ ದೆಹಲಿ ಟೆಸ್ಟಿನಲ್ಲಿ ಅದೇ ರಿಚರ್ಡ್ಸ್ ಔಟಾಗದೆ 192 ಗಳಿಸಿದರು. ಎರಡು ಸೋಲಿನಿಂದ ಆಟಗಾರನ ಯೋಗ್ಯತೆ ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ ಈ ಪಾಠಕ್ಕೆ ಇನ್ನೊಂದು ಸಾಲು ಸೇರಿಸಿದರು. ಅವರ ಚೆಂಡು ಹೆಚ್ಚು ತಿರುಗುತ್ತಿರಲಿಲ್ಲ; ವೇಗವಾಗಿ ಬಂದು ಎತ್ತರಕ್ಕೆ ಪುಟಿಯುತ್ತಿತ್ತು. ತಿರುವಿಗಾಗಿ ಕಾದವರು ನೇರ ಚೆಂಡಿಗೆ ಸಿಕ್ಕಿಬಿದ್ದರು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ, ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿದ್ದ ಪಾಕಿಸ್ತಾನ 207ಕ್ಕೆ ಔಟಾಯಿತು. ಕುಂಬ್ಳೆ 74 ರನ್ನಿಗೆ 10 ವಿಕೆಟ್. ಅವುಗಳಲ್ಲಿ ಐದು ಬೌಲ್ಡ್ ಮತ್ತು ಎಲ್‌ಬಿಡಬ್ಲ್ಯೂ. ಅಂದರೆ ಊಹೆಯ ತಿರುವು ನಿಜವಾದ ತಿರುವಿಗಿಂತ ಅಪಾಯಕಾರಿ. ಇಂದು ತೀರ್ಪು ಮರುಪರಿಶೀಲನೆಯ ಯಂತ್ರ ಬಂದಿರುವುದರಿಂದ, ಕಾಲು ಮುಂದಿಟ್ಟು ಪ್ಯಾಡಿನ ಮರೆಯಲ್ಲಿ ಅಡಗುವ ಹಳೆಯ ಅಭ್ಯಾಸವೂ ಹಿಂದಿನಷ್ಟು ರಕ್ಷಣೆ ಕೊಡುವುದಿಲ್ಲ.

ಪೋಷಕರಿಗೆ ಒಂದು ಮಾತು. ಮಗು ತಿಳಿಯದ ಚೆಂಡಿಗೆ ಔಟಾಗಿ ಬಂದಾಗ ‘ಯಾಕೆ ಹೊಡೆಯಲಿಲ್ಲ’ ಎಂದು ಕೇಳುವುದು ಸುಲಭ. ‘ಚೆಂಡನ್ನು ಕೊನೆಯವರೆಗೆ ನೋಡಿದೆಯಾ?’ ಎಂದು ಕೇಳಿದರೆ ಮುಂದಿನ ಬಾರಿ ಅವನು ನೋಡುತ್ತಾನೆ. ಸೊರಗಿದ ಕೈಯಿಂದ ಬಂದ ಚೆಂಡು ದೊಡ್ಡವರನ್ನೆಲ್ಲ ತಬ್ಬಿಬ್ಬುಗೊಳಿಸಿತು. ಅದನ್ನು ಎದುರಿಸಿ ಉಳಿದವರು, ‘ಇದು ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಂಡು ಕಾದವರು.