ಕಾಲುರಿ ಮತ್ತು ಒಂದು ಕಿಣ್ವ
(ಸ್ಟಾಕ್‌ಹೋಮಿನಲ್ಲಿ ಕನ್ನಡಿಗರ ಕೂಟದಲ್ಲಿ ಆಡಿದ ಮಾತು)

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯೋನು. ದಾವಣಗೆರೆಯಲ್ಲಿರೋ ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಪಾದ ಉರಿಯುತ್ತೆ, ಹೊದಿಕೆ ತಗುಲಿದರೂ ತಡೆಯೋಕಾಗಲ್ಲ ಅಂತಾರೆ. ನೋಡಿದರೆ ಗಾಯವಿಲ್ಲ, ಬಾವಿಲ್ಲ. ಹಾಗಾಗಿ ಮನೆಯವರು "ವಯಸ್ಸಾಯ್ತಲ್ಲ, ಸುಮ್ನೆ ಮಲಗಿ" ಅಂದುಬಿಡ್ತಾರೆ. ಆದರೆ ಆ ಉರಿ ನಿಜ. ಅದನ್ನು ಅರ್ಥ ಮಾಡಿಕೊಳ್ಳೋಕೆ ಬೇಕಾದ ಎರಡು ಸಂಶೋಧನೆಗಳಿಗೆ ನೊಬೆಲ್ ಘೋಷಣೆಯಾಗಿದ್ದು ನಮ್ಮ ಈ ಊರಿನ ಕರೋಲಿನ್ಸ್ಕಾದಿಂದಲೇ.

ಮೊದಲನೆಯದು 1992ರಲ್ಲಿ, ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ. ಜೀವಕೋಶದಲ್ಲಿ ಕೈನೇಸ್ ಎಂಬ ಕಿಣ್ವಗಳು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಬೇರೆ ಕಿಣ್ವಗಳು ಕಿತ್ತು ಹಾಕುತ್ತವೆ. ಅದರಿಂದ ಪ್ರೋಟೀನಿನ ಕೆಲಸ ಬದಲಾಗುತ್ತೆ. ನಮ್ಮ ಕಸುಬಿನವರಿಗೆ 'ಫ್ಲ್ಯಾಗ್' ಅಂದರೆ ಸಾಕು. ಎರಡನೆಯದು 2021ರಲ್ಲಿ, ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ. ಮೆಣಸಿನಕಾಯಿಯ ಖಾರದ ಜಾಡು ಹಿಡಿದು ಜೂಲಿಯಸ್ ತಂಡ 1997ರಲ್ಲಿ ಟಿಆರ್‌ಪಿವಿ1 ಎಂಬ ಬಾಗಿಲನ್ನು ನೋವಿನ ನರಗಳಲ್ಲಿ ಗುರುತಿಸಿತು. ಅದು ಖಾರಕ್ಕೂ ತೆರೆಯುತ್ತೆ, ಸುಮಾರು 43 ಡಿಗ್ರಿ ಬಿಸಿಗೂ ತೆರೆಯುತ್ತೆ. ಬೆಂಕಿಗೂ ಮೆಣಸಿನಕಾಯಿಗೂ 'ಉರಿ' ಅನ್ನೋ ಒಂದೇ ಮಾತಿಟ್ಟ ನಮ್ಮ ಹಿರಿಯರು ಲ್ಯಾಬ್ ಇಲ್ಲದೇನೇ ಸರಿಯಾಗಿ ಹೇಳಿದ್ದರು ನೋಡಿ!

ಈಗ ಎರಡನ್ನೂ ಜೋಡಿಸಿ. ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಹಲವು ಅಂಗಾಂಶಗಳಲ್ಲಿ ಚುರುಕಾಗುತ್ತೆ. ಅದು ಆ ಬಾಗಿಲಿಗೆ ಫಾಸ್ಫೇಟ್ ಅಂಟಿಸಿದರೆ ಬಾಗಿಲ ಅಗಳಿ ಸಡಿಲ. ಆಮೇಲೆ ಮೈಬಿಸಿಗೇ ತೆರೆದುಕೊಳ್ಳಬಹುದು. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಇದು ಕಂಡುಬಂದಿದೆ.

ಹಾಗಾದರೆ ಕಿಣ್ವವನ್ನೇ ಕಟ್ಟಿಹಾಕಿದರಾಯ್ತಲ್ಲ? ರುಬಾಕ್ಸಿಸ್ಟಾರಿನ್ ಎಂಬ ಔಷಧಿಯಿಂದ ನೋಡಿದರು. ದೊಡ್ಡ ಪ್ರಯೋಗಗಳಲ್ಲಿ ನರದ ತೊಂದರೆಗೆ ಅದು ಗೆಲ್ಲಲಿಲ್ಲ. ನರ ಕೆಡೋ ದಾರಿ ಇದೊಂದೇ ಅಲ್ಲ. ಇವತ್ತು ಕೊಡೋ ಪ್ರಿಗಬಾಲಿನ್, ಡುಲಾಕ್ಸೆಟೀನ್ ನೋವನ್ನು ತಗ್ಗಿಸುತ್ತವೆ, ನರವನ್ನು ರಿಪೇರಿ ಮಾಡಲ್ಲ. ಖಾರದ ಅಂಶವೇ ಇರೋ ಪಟ್ಟಿಗೆ ಅಮೆರಿಕದಲ್ಲಿ 2020ರಲ್ಲಿ ಸಕ್ಕರೆ ಕಾಯಿಲೆಯವರ ಕಾಲುನೋವಿಗೂ ಒಪ್ಪಿಗೆ ಸಿಕ್ಕಿತು. ಅದನ್ನು ಹಾಕೋದು ಡಾಕ್ಟರ ಬಳಿಯೇ. ದಯವಿಟ್ಟು ಮನೆಯಲ್ಲಿ ಮೆಣಸಿನಪುಡಿ ಹಚ್ಚೋಕೆ ಹೋಗಬೇಡಿ.

ಇನ್ನೊಂದು ಮಾತು. ಉರಿ ತಾನಾಗೇ ನಿಂತರೆ ವಾಸಿಯಾಯ್ತು ಅಂದುಕೊಳ್ಳಬೇಡಿ, ನರವೇ ಸತ್ತಿರಬಹುದು. ಇಲ್ಲಿ ವರ್ಷಕ್ಕೊಮ್ಮೆ ನೈಲಾನ್ ಎಳೆ ಮುಟ್ಟಿಸಿ ಪಾದ ನೋಡ್ತಾರಲ್ಲ, ಅದನ್ನು ಊರಿನ ಡಾಕ್ಟರ ಹತ್ತಿರವೂ ಕೇಳಿ ಮಾಡಿಸಿ. ಅಪ್ಪ ಅಮ್ಮ ಚಳಿಗಾಲದಲ್ಲಿ ಇಲ್ಲಿಗೆ ಬಂದಾಗ ಹೀಟರಿಗೆ ಕಾಲು ಚಾಚೋಕೆ ಬಿಡಬೇಡಿ. ಬಿಸಿನೀರನ್ನು ಮೊದಲು ನೀವು ಮೊಣಕೈಯಲ್ಲಿ ಮುಟ್ಟಿ ನೋಡಿ, ಸಂಜೆ ಅವರ ಅಂಗಾಲನ್ನು ಒಮ್ಮೆ ನೋಡಿ.