ಬಹಿಷ್ಕೃತರ ಬಂಧು ಡೇಮಿಯನ್



ಯೇಸುಕ್ರಿಸ್ತನು ಕುಷ್ಠರೋಗಿಯೊಬ್ಬನನ್ನು ಗುಣಪಡಿಸಿದ ಪ್ರಸಂಗವು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿಯೇ ಬರುತ್ತದೆ. ಓದುವವರು ಸಾಮಾನ್ಯವಾಗಿ ರೋಗವು ವಾಸಿಯಾದುದನ್ನು ಕಂಡು ಬೆರಗಾಗುತ್ತಾರೆ. ನಮಗಾದರೋ ಅದಕ್ಕೆ ಮುಂಚಿನ ಒಂದು ಕ್ಷಣವೇ ಹೆಚ್ಚು ಅರ್ಥವುಳ್ಳದ್ದೆಂದು ತೋರುತ್ತದೆ. ಯೆಹೂದ್ಯರ ಪುರಾತನ ವಿಧಿಯಂತೆ ಅಂಥ ರೋಗಿಯು ಊರ ಹೊರಗೆ ವಾಸಿಸಬೇಕು. ತಾನು ಅಶುದ್ಧನೆಂದು ತಾನೇ ಕೂಗಿ ಹೇಳಬೇಕು. ಅಂಥವನನ್ನು ಕ್ರಿಸ್ತನು ಕೈನೀಡಿ ಮುಟ್ಟಿದನು. ಮುಟ್ಟಿದ ಮೇಲೆ ಗುಣವಾಯಿತು. ಮಾತಿನಿಂದಲೇ ವಾಸಿಮಾಡಬಲ್ಲವನು ಮುಟ್ಟಿದುದೇಕೆ? ಇದಕ್ಕೆ ಪಂಡಿತರು ಕೊಟ್ಟಿರುವ ಉತ್ತರಗಳು ಹಲವು. ಒಬ್ಬ ಮನುಷ್ಯನು ತನ್ನ ಬಾಳಿನಿಂದಲೇ ಕೊಟ್ಟ ಉತ್ತರವನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಸ್ವತಂತ್ರ ರಾಜ್ಯವಾಗಿದ್ದುವು. ಹೊರನಾಡಿನವರ ಸಂಪರ್ಕದೊಡನೆ ಅಲ್ಲಿಗೆ ಬಂದ ವ್ಯಾಧಿಗಳಲ್ಲಿ ಕುಷ್ಠವೂ ಒಂದು. ಅದನ್ನು ತಡೆಯಲು ೧೮೬೫ರಲ್ಲಿ ಒಂದು ಕಾನೂನಾಯಿತು; ರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಉತ್ತರ ತೀರದಲ್ಲಿರುವ ಒಂದು ಭೂಶಿರಕ್ಕೆ ಕಳುಹಿಸತೊಡಗಿದರು. ಅದರ ಮೂರು ಕಡೆ ಸಮುದ್ರ. ನಾಲ್ಕನೆಯ ಕಡೆ ಎರಡು ಸಾವಿರ ಅಡಿಗೂ ಮಿಕ್ಕಿ ನಿಂತಿರುವ ಬೆಟ್ಟದ ಗೋಡೆ. ಸೆರೆಮನೆಯನ್ನು ಕಟ್ಟುವ ಶ್ರಮವನ್ನು ಪ್ರಕೃತಿಯೇ ತಪ್ಪಿಸಿತ್ತು. ೧೮೬೬ರ ಜನವರಿಯಲ್ಲಿ ಮೊದಲನೆಯ ತಂಡವು ಅಲ್ಲಿಗೆ ಹೋಯಿತು. ೧೯೬೯ರಲ್ಲಿ ಆ ಪದ್ಧತಿ ನಿಲ್ಲುವವರೆಗೆ ಹಾಗೆ ಹೋದವರು ಸುಮಾರು ೮,೦೦೦ ಮಂದಿ. ಹವಾಯಿಯ ಜನರು ಈ ರೋಗಕ್ಕೆ ತಮ್ಮ ಭಾಷೆಯಲ್ಲಿ ಇಟ್ಟ ಒಂದು ಹೆಸರಿನ ಅರ್ಥ "ಅಗಲಿಸುವ ಬೇನೆ" ಎಂಬುದು. ವ್ರಣಗಳಿಗಿಂತ ವಿಯೋಗವೇ ಅವರಿಗೆ ಹೆಚ್ಚಾಗಿ ನೋಯುತ್ತಿತ್ತು.

ಇಷ್ಟು ಸಾಲದೆಂಬಂತೆ ಪಾಪದ ಕಳಂಕವೂ ಸೇರಿಕೊಂಡಿತು. ಕುಷ್ಠವು ಕಾಮರೋಗದ ಕಡೆಯ ಅವಸ್ಥೆಯೆಂದು ಆಗಿನ ಕೆಲವು ವೈದ್ಯರೇ ನಂಬಿದ್ದರು. ಆದುದರಿಂದ ರೋಗಿಯು ದುರದೃಷ್ಟಶಾಲಿ ಮಾತ್ರವಲ್ಲ, ದುರಾಚಾರಿಯೂ ಹೌದೆಂದು ಲೋಕವು ಎಣಿಸಿತು. ಮರುಕಪಡುವ ಹೊಣೆಯನ್ನು ಕಳಚಿಕೊಳ್ಳುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಈ ಸ್ಥಳಕ್ಕೆ ೧೮೭೩ರ ಮೇ ೧೦ರಂದು ಡೇಮಿಯನ್ ಎಂಬ ಕ್ಯಾಥೊಲಿಕ್ ಪಾದ್ರಿಯು ಬಂದಿಳಿದರು. ಅವರು ೧೮೪೦ರಲ್ಲಿ ಬೆಲ್ಜಿಯಮ್ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಹವಾಯಿಗೆ ಹೊರಡಬೇಕಾಗಿದ್ದವರು ಅವರ ಅಣ್ಣ. ಅಣ್ಣನು ಕಾಯಿಲೆ ಬೀಳಲು ತಮ್ಮನು ಆ ಸ್ಥಾನದಲ್ಲಿ ಹೊರಟನು. ಮೊಲೊಕಾಯಿಗೂ ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರುವುದೆಂದು ಏರ್ಪಾಡಾಗಿತ್ತು. ಮೊದಲು ಹೋದ ಡೇಮಿಯನ್ನರು ಅಲ್ಲಿಯೇ ನೆಲಸಿಬಿಟ್ಟರು. ಮೊದಲ ದಿನಗಳಲ್ಲಿ ಮರದ ಕೆಳಗೆ ಮಲಗಿದರು. ಅನಂತರ ಮನೆಗಳನ್ನು ಕಟ್ಟಿದರು, ನೀರಿನ ಕೊಳವೆಗಳನ್ನು ಹಾಕಿಸಿದರು, ಹುಣ್ಣುಗಳನ್ನು ತೊಳೆದು ಕಟ್ಟಿದರು, ಶವಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಮಾಡಿದರು. ರೋಗಿಗಳೊಡನೆ ಒಂದೇ ಪಾತ್ರೆಯಿಂದ ಉಂಡರು.

ಅವರು ಉಪದೇಶಮಾಡುವಾಗ "ಕುಷ್ಠರೋಗಿಗಳಾದ ನಾವು" ಎಂದು ಹೇಳುತ್ತಿದ್ದರು. ತಮಗೆ ರೋಗವು ಅಂಟಿದ ಮೇಲೆ ಒಂದು ಭಾನುವಾರ ಈ ಮಾತನ್ನು ಮೊದಲಬಾರಿಗೆ ಆಡಿದರೆಂಬ ಕಥೆಯು ಪ್ರಚಾರದಲ್ಲಿದೆ, ಕೇಳುವುದಕ್ಕೂ ಸೊಗಸಾಗಿದೆ. ವಾಸ್ತವಾಂಶವು ಅದಕ್ಕಿಂತ ದೊಡ್ಡದು. ಅಲ್ಲಿಗೆ ಬಂದ ವರ್ಷವೇ, ಮೈಯಲ್ಲಿ ರೋಗದ ಸುಳಿವೂ ಇಲ್ಲದಿದ್ದಾಗಲೇ, ತಾವು ಹೀಗೆ ಹೇಳುವುದುಂಟೆಂದು ಅಣ್ಣನಿಗೆ ಕಾಗದ ಬರೆದಿದ್ದರು. ಕಾಲನ್ನು ಕುದಿಯುವ ನೀರಿನಲ್ಲಿಟ್ಟರೂ ಬಿಸಿಯೇ ತಿಳಿಯದೆಹೋದುದು ೧೮೮೪ರ ಕೊನೆಯಲ್ಲಿ. ಎಂದರೆ ಆ "ನಾವು" ಎಂಬ ಮಾತನ್ನು ದೇಹವು ಹನ್ನೊಂದು ವರ್ಷಗಳ ಅನಂತರ ನಿಜಮಾಡಿತು. ಮನಸ್ಸು ಅದನ್ನು ಮೊದಲೇ ನಿಜಮಾಡಿತ್ತು. ನಮ್ಮ ವ್ಯಾಕರಣದಲ್ಲಿ ಪುರುಷತ್ರಯವುಂಟಷ್ಟೆ. ಕಾನೂನು ಆ ರೋಗಿಗಳನ್ನು "ಅವರು" ಎಂದಿತು. ಸಾಮಾನ್ಯವಾದ ದಾನಧರ್ಮವು "ನೀವು" ಎನ್ನುತ್ತದೆ. ಕ್ರಿಸ್ತನ ಸ್ಪರ್ಶದ ಅರ್ಥವು ಉತ್ತಮ ಪುರುಷವೆಂದು ಡೇಮಿಯನ್ನರು ತಿಳಿದರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅವರಿಗಿಂತ ಮುಂಚೆಯೇ ಆ ಭೂಶಿರಕ್ಕೆ ರೋಗವಿಲ್ಲದವರು ಹೋಗಿದ್ದರು. ಗಂಡನ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಗಂಡ, ಹೀಗೆ ತಾವಾಗಿಯೇ ಹೋಗಿ ಶುಶ್ರೂಷೆ ಮಾಡಿದ ಇವರನ್ನು ಹವಾಯಿಯವರು "ಕೋಕುವ" ಎಂದರೆ ಸಹಾಯಕರು ಎಂದು ಕರೆಯುತ್ತಿದ್ದರು. ಇವರ ಹೆಸರುಗಳಲ್ಲಿ ಬಹುಪಾಲು ಲೋಕಕ್ಕೆ ತಿಳಿಯದು. ರಕ್ತಸಂಬಂಧದಿಂದ ಅವರು ಮಾಡಿದುದನ್ನು, ಯಾವ ಸಂಬಂಧವೂ ಇಲ್ಲದ ಪರದೇಶಿಯೊಬ್ಬನು ಮಾಡಿದನು ಎನ್ನುವುದೇ ನ್ಯಾಯ.

ಡೇಮಿಯನ್ನರು ೧೮೮೯ರ ಏಪ್ರಿಲ್ ೧೫ರಂದು ತೀರಿಕೊಂಡರು. ಹೊನೊಲುಲುವಿನ ಹೈಡ್ ಎಂಬ ಪ್ರಾಟೆಸ್ಟಂಟ್ ಪಾದ್ರಿಯು ಒಂದು ಕಾಗದದಲ್ಲಿ ಅವರನ್ನು ಒರಟ, ಕೊಳಕ, ಹಟಮಾರಿ ಎಂದು ಜರೆದುದಲ್ಲದೆ, ರೋಗವು ಅವರ ದುರ್ನಡತೆಯ ಫಲವೆಂದೂ ಬರೆದನು. ಪಾಪಿಗಳೊಡನೆ ಉಂಡವನಿಗೆ ಪಾಪಿಯೆಂಬ ಬಿರುದು ತಪ್ಪಲಿಲ್ಲ. ಸುವಾರ್ತೆಯಲ್ಲಿಯೂ ಹಾಗೆಯೇ ಆಗಿತ್ತಲ್ಲವೆ? ಕಾದಂಬರಿಕಾರ ಸ್ಟೀವನ್‌ಸನ್ನನು ಡೇಮಿಯನ್ನರು ಸತ್ತ ಕೆಲವೇ ವಾರಗಳಲ್ಲಿ ಆ ಸ್ಥಳವನ್ನು ಕಣ್ಣಾರೆ ಕಂಡುಬಂದಿದ್ದನು. ಅವನು ೧೮೯೦ರಲ್ಲಿ ಹೈಡನಿಗೆ ಒಂದು ಬಹಿರಂಗ ಪತ್ರವನ್ನು ಬರೆದನು. ಅವನು ದೋಷಗಳನ್ನು ಮರೆಮಾಚಲಿಲ್ಲ. ಅನೇಕವನ್ನು ಒಪ್ಪಿಕೊಂಡೇ, ಮನೆಯಲ್ಲಿ ಸುಖವಾಗಿ ಕುಳಿತವರು ಹೋದವನನ್ನು ತೂಗುವುದು ಸಲ್ಲದೆಂದು ತೋರಿಸಿದನು.

ಹಾಗಾದರೆ ಕರುಣೆಯುಳ್ಳವರೆಲ್ಲ ರೋಗವನ್ನು ತಂದುಕೊಳ್ಳಬೇಕೆ? ಬೇಕಿಲ್ಲ. ೧೮೮೮ರಲ್ಲಿ ಅಲ್ಲಿಗೆ ಬಂದ ಸಂನ್ಯಾಸಿನಿ ಮರಿಯಾನ್ ಕೋಪ್ ಅವರು ಶುಚಿತ್ವದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ೧೯೧೮ರಲ್ಲಿ ಸಾಯುವವರೆಗೆ ಅಲ್ಲಿಯೇ ಸೇವೆ ಮಾಡಿದರೂ ಅವರಿಗೆ ರೋಗವು ತಗಲಲಿಲ್ಲ. ಡೇಮಿಯನ್ನರನ್ನು ೨೦೦೯ರಲ್ಲಿಯೂ ಮರಿಯಾನರನ್ನು ೨೦೧೨ರಲ್ಲಿಯೂ ಅವರ ಧರ್ಮಸಭೆಯು ಸಂತರೆಂದು ಸಾರಿತು. ಕೈ ತೊಳೆದುಕೊಳ್ಳುವುದು ಬೇರೆ, ಕೈ ತೊಳೆದುಬಿಡುವುದು ಬೇರೆ.

ಡೇಮಿಯನ್ನರು ಮೊಲೊಕಾಯಿಗೆ ಹೋದ ೧೮೭೩ರಲ್ಲಿಯೇ ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ನನು ಈ ರೋಗದ ಅಣುಜೀವಿಯನ್ನು ಕಂಡುಹಿಡಿದನು. ಪಾಪಕ್ಕೂ ಕುಷ್ಠಕ್ಕೂ ಸಂಬಂಧವಿಲ್ಲವೆಂದು ಅಂದೇ ತೀರ್ಮಾನವಾದಂತಾಯಿತು. ೧೯೪೦ರ ದಶಕದಲ್ಲಿ ಫಲಕಾರಿಯಾದ ಔಷಧವೂ ಬಂದಿತು. ಆದರೂ, ಬಡ ರೋಗಿಗಳನ್ನು ಹಿಡಿದಿಡಲು ಅವಕಾಶಕೊಟ್ಟಿದ್ದ ೧೮೯೮ರ ಕಾಯಿದೆಯು ನಮ್ಮ ದೇಶದ ಶಾಸನಗ್ರಂಥದಿಂದ ತೊಲಗಿದುದು ೨೦೧೬ರಲ್ಲಿ; ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ವಿಧಿಗಳು ಹೋದುದು ೨೦೧೯ರಲ್ಲಿ. ಅಣುಜೀವಿಯನ್ನು ಕೊಲ್ಲುವುದಕ್ಕೆ ಔಷಧವುಂಟು. ಅಗಲಿಸುವ ಬೇನೆಗೆ ಮದ್ದನ್ನು ನಾವು ನಾವೇ ಅರೆಯಬೇಕು.

ಮಹಾಶಯರೆ, ನಮ್ಮಲ್ಲಿ ಯಾರೂ ಮೊಲೊಕಾಯಿಗೆ ಹೋಗಬೇಕಾಗಿಲ್ಲ. ಆದರೆ ನಮ್ಮ ಬೀದಿಯಲ್ಲಿ, ನಮ್ಮ ಬಂಧುವರ್ಗದಲ್ಲಿ, "ಅವರು" ಎಂದು ನಾವು ದೂರವಿಟ್ಟವರು ಯಾರಿದ್ದಾರೆಂದು ಇಂದು ರಾತ್ರಿ ಒಮ್ಮೆ ಎಣಿಸಿ ನೋಡೋಣ.