ಒಂದು ಲೋಟದಲ್ಲಿ ಮೂರು ಋತು

ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಒಂದು ಪಾನೀಯವನ್ನು ಕುರಿತು. ಪಾನೀಯವೆಂದರೆ ಪೂರ್ತಿ ಸರಿಯಾಗದು. ಅದನ್ನು ಗಟಗಟನೆ ಕುಡಿಯಲು ಬಾರದು. ತಿನಿಸೆಂದರೂ ಒಪ್ಪದು, ಸಾವಕಾಶವಾಗಿ ತಿನ್ನೋಣವೆಂದರೆ ಅದು ನಮಗಾಗಿ ಕಾಯುವುದಿಲ್ಲ. ಗಾಜಿನ ಲೋಟದಲ್ಲಿ ತಳಕ್ಕೆ ಮಾವು, ಅದರ ಮೇಲೆ ಪೇರಲ, ಎಲ್ಲಕ್ಕೂ ಮೇಲೆ ಸೀತಾಫಲ. ಮೂರೂ ಹೆಪ್ಪುಗಟ್ಟಿದ ಪದರಗಳು. ನನ್ನ ಮಗಳು ಇದನ್ನು 'ಕಾಕ್‌ಟೇಲ್' ಎನ್ನುತ್ತಾಳೆ. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಮ್ಮ ಅತ್ತೆಯವರು ಕೈಯಲ್ಲಿದ್ದ ಚಮಚೆಯನ್ನು ಕೆಳಗಿಟ್ಟುಬಿಟ್ಟರು. ಇದರಲ್ಲಿ ಮದ್ಯದ ಹನಿಯೂ ಇಲ್ಲವೆಂದು ಅವರನ್ನು ನಂಬಿಸುವಷ್ಟರಲ್ಲಿ ಅವರ ಲೋಟದ ಮೂರು ಪದರಗಳೂ ಕರಗಿ ಒಂದಾಗಿದ್ದವು. ಅಂದಿನಿಂದ ನಮ್ಮ ಮನೆಯಲ್ಲಿ ಇದರ ಹೆಸರು 'ಪದರ ಶರಬತ್ತು'.

ಶರಬತ್ತು ಬೀದರಿಗೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಈ ಕೆಮ್ಮಣ್ಣಿನ ದಿಣ್ಣೆಗೆ ತಂದ. ಅವನ ಹಿಂದೆ ಪರ್ಷಿಯಾದಿಂದ ವಿದ್ವಾಂಸರು ಬಂದರು, ಕುಶಲಕರ್ಮಿಗಳು ಬಂದರು. ೧೪೭೨ರ ಹೊತ್ತಿಗೆ ಮಹಮೂದ್ ಗವಾನನ ಮದರಸಾ ತಲೆಯೆತ್ತಿ ನಿಂತಿತು. ಶರಬತ್ತು ಎಂಬ ಮಾತು ಅರಬ್ಬಿಯದು, ಫಾಲೂದಾ ಎಂಬುದು ಪಾರಸಿಯದು. ನಮ್ಮೂರಿನ ಬಿದರಿ ಕುಸುರಿಯ ಸುರಾಯಿಗಳನ್ನು ನೋಡಿದರೆ, ತಣ್ಣಗೆ ಕುಡಿಯುವುದನ್ನು ಈ ಊರು ಒಂದು ಕಲೆಯೆಂದೇ ಎಣಿಸಿತ್ತೇನೋ ಅನ್ನಿಸುತ್ತದೆ. ನೌಬಾದಿನ ಕಡೆ ನೆಲದಡಿಯಲ್ಲಿ ಹರಿಯುವ ಕರೇಜ್ ಕಾಲುವೆಯೂ ಆ ಪಾರಸಿ ನಂಟಿನ ಗುರುತೇ: ಬಿಸಿಲಿಗೆ ಮುಖ ತೋರಿಸದೆ ನೀರನ್ನು ಊರಿಗೆ ತಲುಪಿಸುವ ಉಪಾಯ.

ಆದರೆ ನನ್ನ ಬಾಲ್ಯಕ್ಕೆ ಸುರಾಯಿಯ ಪರಿಚಯವಿರಲಿಲ್ಲ. ನಾನು ಔರಾದ ತಾಲೂಕಿನ ಹಳ್ಳಿಯವಳು. ತಣ್ಣನೆಯದೆಂದರೆ ಮಣ್ಣಿನ ಗಡಿಗೆಯ ನೀರು. ಅದಕ್ಕಿಂತ ತಣ್ಣನೆಯದನ್ನು ಕಂಡದ್ದು ಔರಾದಿನ ಅಮರೇಶ್ವರ ಜಾತ್ರೆಯಲ್ಲಿ. ಅಲ್ಲಿ ಒಬ್ಬ ಮುದುಕ ಗೋಣಿತಟ್ಟು, ಕಟ್ಟಿಗೆಯ ಹೊಟ್ಟುಗಳ ನಡುವೆ ಬರಫದ ಗಡ್ಡೆಯನ್ನು ಹುದುಗಿಸಿಟ್ಟುಕೊಂಡು ಕೂಡುತ್ತಿದ್ದ. ಅದನ್ನು ಹೆರೆದು, ಕಡ್ಡಿಗೆ ಒತ್ತಿ, ಮೇಲೆ ಕೆಂಪು, ಹಳದಿ, ಹಸಿರು ಪಾಕ ಸುರಿಯುತ್ತಿದ್ದ. ಅವ್ವ ನಮ್ಮ ಮೂವರಿಗೂ ಸೇರಿ ಒಂದೇ ಗೋಲಾ ಕೊಡಿಸುತ್ತಿದ್ದಳು. ಅಕ್ಕ ಕೆಂಪು ಭಾಗ, ನಾನು ಹಳದಿ, ತಮ್ಮ ಹಸಿರು ಎಂದು ಕರಾರು ಮಾಡಿಕೊಳ್ಳುತ್ತಿದ್ದೆವು. ಬರಫವೇನು ಕರಾರಿಗೆ ಕಟ್ಟುಬೀಳುವ ಪದಾರ್ಥವೇ? ನಾವು ಜಗಳ ಮುಗಿಸುವಷ್ಟರಲ್ಲಿ ಎಲ್ಲ ಬಣ್ಣವೂ ಮೊಣಕೈವರೆಗೆ ಇಳಿದಿರುತ್ತಿತ್ತು.

ಆ ಗೋಲಾದ ಪದರಗಳು ಬಣ್ಣದವು. ಹಣ್ಣಿನ ಪದರಗಳನ್ನು ಕಟ್ಟಲು ನಾನು ಕಲಿತದ್ದು ಬಹಳ ತಡವಾಗಿ, ಕಲಿಯಲೇಬೇಕಾಗಿ ಬಂದಾಗ.

ಅಷ್ಟರಲ್ಲಿ ನಾನು ಬೀದರಿನಲ್ಲಿ ಮನೆ ಮಾಡಿದ್ದೆ, ಅಕ್ಕ ಭಾಲ್ಕಿಯಲ್ಲಿ ಸಂಸಾರ ಹೂಡಿದ್ದಳು, ತಮ್ಮ ಊರಲ್ಲೇ ಹೊಲ ನೋಡಿಕೊಂಡಿದ್ದ. ಅವ್ವನ ಗಂಟಲಿಗೆ ರೋಗ ಬಂದು, ಚಿಕಿತ್ಸೆಗೆಂದು ಅವಳು ನನ್ನ ಮನೆಗೆ ಬಂದಳು. ರೊಟ್ಟಿ ಹೋಯಿತು, ಅನ್ನ ಹೋಯಿತು, ಗಂಜಿಯೂ ಉರಿಯತೊಡಗಿತು. ತಣ್ಣನೆಯದು ಹಿತವಾದರೆ ಕೊಡಬಹುದೆಂದು ವೈದ್ಯರು ಹೇಳಿದರು. ಆಶ್ವೀಜದ ಒಂದು ಸಂಜೆ ಅವ್ವ ಕೇಳಿದಳು: "ಮಾವಿನ ಹಣ್ಣು ಸಿಗ್ತದೇನು?"

ಬೀದರಿನ ಯಾವ ಅಂಗಡಿಯಲ್ಲೂ ಆಗ ಮಾವು ಇರಲಿಲ್ಲ. ಆದರೆ ನನ್ನ ಫ್ರೀಜಿನ ಮೇಲ್ಗಡೆಯ ಖಾನೆಯಲ್ಲಿ ಇತ್ತು. ಹಿಂದಿನ ಬೇಸಿಗೆಯಲ್ಲಿ ಅಕ್ಕ ತನ್ನ ಹೊಲದ ಬಾವಿಯ ದಂಡೆಯ ಮರದಿಂದ ಒಂದು ಬುಟ್ಟಿ ರಸದ ಹಣ್ಣು ಕಳಿಸಿದ್ದಳು. ಶೀಕರಣೆ ಮಾಡಿ ಉಂಡು, ಹೋಳಿಗೆಯೊಡನೆ ಉಂಡು, ಉಳಿದ ರಸವನ್ನು ನಾಲ್ಕು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಇಟ್ಟಿದ್ದೆ. ಕಾಳಜಿಯಿಂದಲ್ಲ, ಕೆಡಬಾರದೆಂಬ ಜಿಪುಣತನದಿಂದ.

ನಮ್ಮ ನಾಡಿನ ಹಣ್ಣುಗಳು ಒಂದರ ಮುಖವನ್ನೊಂದು ನೋಡುವುದಿಲ್ಲವೆಂಬುದನ್ನು ನೀವು ಗಮನಿಸಿದ್ದೀರಾ? ಮಾವು ವೈಶಾಖ ಜ್ಯೇಷ್ಠದ್ದು. ಸೀತಾಫಲ ದಸರೆ ದೀಪಾವಳಿಯ ನಡುವಿನದು. ಪೇರಲ ಚಳಿಗಾಲದ್ದು. ಒಂದು ಬಂದಾಗ ಇನ್ನೊಂದು ಹೊರಟುಹೋಗಿರುತ್ತದೆ. ಗಿಡದಲ್ಲಿ ಎಂದೂ ಸೇರದ ಈ ಮೂರನ್ನು ಒಂದು ಲೋಟದಲ್ಲಿ ಸೇರಿಸಬಲ್ಲದ್ದು ಹಿಮವೊಂದೇ. ೧೮೩೩ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ತರಿಸಿಕೊಂಡ ಸಾಹೇಬರಿಗೂ ಸಿಗದಿದ್ದ ಈ ಅನುಕೂಲ ಇಂದು ನಮ್ಮ ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತ ನಿಂತಿದೆ.

ಇನ್ನು ಮಾಡುವ ಬಗೆಯನ್ನು ಹೇಳುತ್ತೇನೆ. ಕಾಗದ ಲೇಖಣಿ ಬೇಕಿಲ್ಲ, ಲೆಕ್ಕ ಸುಲಭವಿದೆ. ಆರು ಲೋಟಗಳಿಗೆ ಎರಡು ಬಟ್ಟಲು ಮಾವಿನ ರಸ, ಅದಕ್ಕೆ ಕಾಲು ಬಟ್ಟಲು ಸಕ್ಕರೆ. ಪೇರಲ ನಾಲ್ಕು, ಒಳಗೆ ಕೆಂಪಗಿರುವವು. ಹೆಚ್ಚಿ, ಒಂದು ಬಟ್ಟಲು ನೀರಿನಲ್ಲಿ ಐದು ನಿಮಿಷ ಕುದಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಕಾಲು ಬಟ್ಟಲು ಸಕ್ಕರೆ ಬೆರೆಸಬೇಕು. ಸೀತಾಫಲದ ತಿರುಳು ಒಂದು ಬಟ್ಟಲು, ಕಾಯಿಸಿ ಆರಿಸಿದ ಹಾಲು ಅರ್ಧ ಬಟ್ಟಲು. ಇದಕ್ಕೆ ಸಕ್ಕರೆಯ ಹಂಗಿಲ್ಲ.

ಸೀತಾಫಲದ ವಿಷಯದಲ್ಲಿ ಎರಡು ಎಚ್ಚರ. ಅದನ್ನು ಬೆಂಕಿಗೆ ತೋರಿಸಬಾರದು. ಬಿಸಿ ತಗುಲಿದರೆ ಕಹಿಯಾಗುತ್ತದೆ. ಬೀಜಗಳನ್ನು ಬೆರಳಿನಿಂದಲೇ ಬಿಡಿಸಬೇಕು. ಅವಸರಕ್ಕೆ ಮಿಕ್ಸಿಗೆ ಹಾಕಿದರೆ ಬೀಜವೂ ಅರೆಯುತ್ತದೆ, ಅದು ಹೊಟ್ಟೆಗೆ ಹೋಗತಕ್ಕ ವಸ್ತುವಲ್ಲ.

ಮೂರನ್ನೂ ಬೇರೆ ಬೇರೆ ಅಗಲವಾದ ತಟ್ಟೆಗಳಲ್ಲಿ ಹರಡಿ ಹೆಪ್ಪಿಗಿಡಿ. ಅರ್ಧ ಗಂಟೆಗೊಮ್ಮೆ ಮುಳ್ಳುಚಮಚೆಯಿಂದ ಕೆರೆದು ಮಗುಚಬೇಕು. ಹಾಗೆ ಬಿಟ್ಟರೆ ಹೆಪ್ಪಿನ ಹರಳುಗಳು ದೊಡ್ಡವಾಗಿ ಬೆಳೆದು ತಟ್ಟೆ ಕಲ್ಲಾಗುತ್ತದೆ. ಕೆರೆದಷ್ಟೂ ಹರಳು ಸಣ್ಣದಾಗಿ ನಾಲಗೆಗೆ ಮರಳು ಮರಳಾಗಿ ಹಿತವಾಗುತ್ತದೆ. ಇಲ್ಲಿ ಸಕ್ಕರೆಯ ಕೆಲಸ ಸಿಹಿ ಮಾಡುವುದಷ್ಟೇ ಅಲ್ಲ. ಸಕ್ಕರೆ ಬೆರೆತ ನೀರು ಬರಿಯ ನೀರಿಗಿಂತ ತಡವಾಗಿ ಹೆಪ್ಪುಗಟ್ಟುತ್ತದೆ. ತೀರ ಕಡಿಮೆಯಾದರೆ ಕಲ್ಲು, ಅತಿಯಾದರೆ ಎಂದೂ ಗಟ್ಟಿಯಾಗದ ಪಾಕ. ನಡುವಿನ ಹದವನ್ನು ಕೈ ತಾನೇ ಕಲಿಯುತ್ತದೆ.

ವಿದ್ಯುತ್ತು ಕೈಕೊಟ್ಟ ದಿನಕ್ಕೆ ಹಳೆಯ ದಾರಿಯೊಂದಿದೆ. ಅಂಗಡಿಯಿಂದ ಬರಫ ತಂದು ಪುಡಿ ಮಾಡಿ, ಮೂರು ಪಾಲು ಬರಫಕ್ಕೆ ಒಂದು ಪಾಲು ಹರಳುಪ್ಪು ಬೆರೆಸಿ, ಅದರ ನಡುವೆ ರಸದ ಡಬ್ಬಿಯನ್ನು ಹೂಳಿ ತಿರುಗಿಸುತ್ತಿರಬೇಕು. ಉಪ್ಪು ಬಿದ್ದ ಬರಫ ಸೊನ್ನೆಗಿಂತ ೨೦ ಡಿಗ್ರಿಯಷ್ಟು ಕೆಳಗಿಳಿಯಬಲ್ಲದು. ಕುಲ್ಫಿ ಮಾರುವವರ ಮಡಕೆಯ ಗುಟ್ಟೂ ಇದೇ.

ಪದರ ಕಟ್ಟುವುದು ಕೊನೆಯ ಕೆಲಸ. ಲೋಟಗಳನ್ನು ಮೊದಲೇ ಕಾಲು ಗಂಟೆ ಹೆಪ್ಪಿನ ಖಾನೆಯಲ್ಲಿಡಿ. ದಟ್ಟವಾದ ಮಾವು ತಳಕ್ಕೆ. ಚಮಚೆಯ ಬೆನ್ನಿನಿಂದ ಮೆಲ್ಲಗೆ ಒತ್ತಿ ಮತ್ತೆ ಕಾಲು ಗಂಟೆ ಒಳಗಿಡಿ. ಆಮೇಲೆ ಪೇರಲ, ಮತ್ತೆ ಕಾಲು ಗಂಟೆ. ಕೊನೆಗೆ ಸೀತಾಫಲ. ಕೆಳಗಿನದು ಗಟ್ಟಿಯಾಗುವ ಮೊದಲೇ ಮೇಲಿನದನ್ನು ಹಾಕುವ ಆತುರವೊಂದೇ ಇದರ ಶತ್ರು. ಹಳದಿ, ಗುಲಾಬಿ, ಬಿಳಿ ಎಂದು ಮೂರು ಪಟ್ಟಿಗಳು ಗಾಜಿನಲ್ಲಿ ತೋರಬೇಕು. ತೋರಿದ ಐದು ನಿಮಿಷದೊಳಗೆ ಅತಿಥಿಯ ಕೈಯಲ್ಲಿರಬೇಕು.

ಅವ್ವನಿಗೆ ನಾನು ಇದನ್ನು ಪೂರ್ತಿಯಾಗಿ ಕಟ್ಟಿಕೊಟ್ಟದ್ದು ಎಳ್ಳ ಅಮಾವಾಸ್ಯೆಯ ದಿನ. ನಮ್ಮ ಕಡೆ ಅದೆಂತಹ ಹಬ್ಬವೆಂಬುದು ಬಲ್ಲವರಿಗೆ ಗೊತ್ತು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಬೆಳೆಗೆ ಚರಗ ಚೆಲ್ಲುತ್ತದೆ. ಅವ್ವ ಹೊಲಕ್ಕೆ ಹೋಗದ ಮೊದಲನೆಯ ಅಮಾವಾಸ್ಯೆ ಅದು. ಹೊಲವೇ ಅವಳ ಬಳಿಗೆ ಬಂದಿತೆನ್ನಿ: ಭಾಲ್ಕಿಯಿಂದ ಅಕ್ಕ, ಔರಾದಿನಿಂದ ತಮ್ಮ, ಇಬ್ಬರೂ ಸುಮಾರು ೪೦ ಕಿಲೋಮೀಟರಿನ ದಾರಿ ಸವೆಸಿ ಬಂದಿದ್ದರು. ತಮ್ಮನ ಬದುವಿನ ಸೀತಾಫಲವನ್ನು ದೀಪಾವಳಿಯಲ್ಲೇ ಬಿಡಿಸಿ ಇಟ್ಟಿದ್ದೆ. ಪೇರಲ ನಮ್ಮ ಹಿತ್ತಲಿನದೇ, ಅಂದು ಕಿತ್ತದ್ದು. ಪೇರಲದ ಬಣ್ಣ ಕಂದದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುವುದು ವಾಡಿಕೆ. ಹುಳಿ ಅವ್ವನ ಗಂಟಲಿಗೆ ಉರಿಯೆಂದು ನಾನು ಹಿಂಡಲಿಲ್ಲ. ಗುಲಾಬಿ ಪಟ್ಟಿ ಸ್ವಲ್ಪ ಕಂದಿತ್ತು.

ಅವ್ವ ಚಮಚೆಯನ್ನು ತಳದವರೆಗೆ ಇಳಿಸಿ ಮೂರನ್ನೂ ಒಟ್ಟಿಗೆ ಎತ್ತಿಕೊಂಡಳು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು. ಆಮೇಲೆ ಹಣ್ಣುಗಳ ಹೆಸರನ್ನು ಹೇಳಲಿಲ್ಲ. ಗಿಡಗಳ ಹೆಸರು ಹೇಳಿದಳು. "ಬಾವಿ ದಂಡಿ ಗಿಡ. ಬದುವಿನ ಗಿಡ. ಇದು ನಿನ್ನ ಹಿತ್ತಲ ಜಾಮ." ಹೈದರಾಬಾದ್ ಸೀಮೆಯ ಆಡುಮಾತಿನಲ್ಲಿ ಜಾಮ್ ಎಂದರೆ ಪೇರಲ, ಪಾರಸಿಯಲ್ಲಿ ಅದೇ ಮಾತಿಗೆ ಬಟ್ಟಲೆಂಬ ಅರ್ಥ. ಅವ್ವನಿಗೆ ಪಾರಸಿ ಬರುತ್ತಿರಲಿಲ್ಲ. ಆದರೂ ಅಂದು ಅವಳು ಹಣ್ಣನ್ನು ಹೇಳಿದಳೋ ಬಟ್ಟಲನ್ನು ಹೇಳಿದಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅರ್ಧ ಲೋಟ ತಿಂದಳು. ತಿಂಗಳಲ್ಲಿ ಅವಳು ಅಷ್ಟು ತಿಂದದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದ್ದರೆ ಮಾತು ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದನ್ನು ಹೇಳಬೇಕು.

ಹದಿನೈದು ದಿನಗಳ ಮೇಲೆ ಅವ್ವ ಮತ್ತೆ ಕೇಳಿದಳು: "ಆ ಮೂರು ಗಿಡದ್ದು ಮಾಡ್ತಿಯೇನು?" ಮಾವಿನ ರಸದ ಒಂದೇ ಡಬ್ಬಿ ಉಳಿದಿತ್ತು. ಮುಂದಿನ ಮಾವಿಗೆ ನಾಲ್ಕು ತಿಂಗಳು. ನಾನೆಂದೆ: "ಶಿವರಾತ್ರಿಗೆ ತಮ್ಮ ಬರ್ತಾನವ್ವಾ. ಎಲ್ಲಾರೂ ಸೇರಿದಾಗ ಮಾಡೋಣಂತ." ಆಗಲೆಂದು ತಲೆಯಾಡಿಸಿದಳು. ಅವಳು ಬದುಕಿಡೀ ಎಲ್ಲರೂ ಸೇರುವುದಕ್ಕಾಗಿ ಕಾದವಳು. ಇನ್ನಷ್ಟು ದಿನ ಕಾಯೆಂದರೆ ಬೇಡವೆನ್ನುವಳಲ್ಲ. ಶಿವರಾತ್ರಿಗೆ ಎಂಟು ದಿನ ಇರುವಾಗ ತೀರಿಕೊಂಡಳು.

ಡಬ್ಬಿ ಹಾಗೆಯೇ ಇತ್ತು. ದಿನಕರ್ಮಗಳು ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಅದನ್ನು ತೆಗೆದು ನೋಡಿದೆ. ಬಣ್ಣ ಕೆಟ್ಟಿರಲಿಲ್ಲ, ವಾಸನೆ ಕೆಟ್ಟಿರಲಿಲ್ಲ. ವೈಶಾಖದಲ್ಲಿ ನಾನು ಮುಚ್ಚಳ ಹಾಕಿದಾಗ ಹೇಗಿತ್ತೋ ಹಾಗೆಯೇ ಇತ್ತು. ಹಣ್ಣು ಕಾದಿತ್ತು. ಅಷ್ಟು ಚೆನ್ನಾಗಿ ಕಾದಿದ್ದನ್ನು ನೋಡಿ ನನಗೆ ಅದರ ಮೇಲೆ ಸಿಟ್ಟು ಬಂತು. ಸಿಟ್ಟು ಬರಬೇಕಾದದ್ದು ಯಾರ ಮೇಲೆಂದು ನನಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಅಕ್ಕ ಹಣ್ಣಿನ ಬುಟ್ಟಿ ಹೊತ್ತು ತಾನೇ ಬಂದಳು. ಫ್ರೀಜು ತೆರೆದು ಹಳೆಯ ಡಬ್ಬಿಯನ್ನು ಕಂಡಳು. ಏನೂ ಕೇಳಲಿಲ್ಲ. ಹೊರಗಿಟ್ಟು ಕರಗಿಸಿ, ಮೂರು ವಾಟಿಗಳಿಗೆ ಹಂಚಿ, ಒಂದನ್ನು ನನ್ನ ಕೈಗಿತ್ತು, ಒಂದನ್ನು ತಾನು ತೆಗೆದುಕೊಂಡು, ಮೂರನೆಯದನ್ನು ಹಿತ್ತಲಿಗೆ ಒಯ್ದು ಪೇರಲ ಗಿಡದ ಬುಡಕ್ಕೆ ಸುರಿದಳು. ಹೊಲದಲ್ಲಿ ಚರಗ ಚೆಲ್ಲಿದ ಹಾಗೆ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಡಬ್ಬಿಗೆ ಹಣ್ಣಿನ ರಸ ತುಂಬುವಾಗ ಮೇಲೆ ಎರಡು ಬೆರಳು ಜಾಗ ಬಿಡುತ್ತೇನೆ. ಹೆಪ್ಪುಗಟ್ಟುವ ನೀರು ಹಿಗ್ಗುತ್ತದೆ, ತುಂಬಿದ ಡಬ್ಬಿಯ ಮುಚ್ಚಳವನ್ನು ಎತ್ತಿಬಿಡುತ್ತದೆ. ಮುಚ್ಚಳದ ಮೇಲೆ ತಾರೀಖು ಬರೆಯುತ್ತೇನೆ, ಯಾವ ಗಿಡದ್ದೆಂದು ಬರೆಯುತ್ತೇನೆ. ಹಬ್ಬಕ್ಕೆಂದು, ನೆಂಟರು ಬರಲೆಂದು ಯಾವುದನ್ನೂ ಎತ್ತಿಡುವುದಿಲ್ಲ. ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಕೇಳಿದರೆ, ಕೇಳಿದ ದಿನವೇ ತೆಗೆಯುತ್ತೇನೆ.

ನಿಮ್ಮ ಮನೆಯಲ್ಲೂ ಇಂತಹದೊಂದು ಡಬ್ಬಿ ಇದ್ದೀತು. ಇಂದು ಸಂಜೆ ಲೋಟಗಳನ್ನು ತಣ್ಣಗಾಗಲು ಇಡಿ.